ಸೀರೆಗೆ ಹೇಳಿದ ಮಾತು

ಅತ್ತೆಯವರೇ,

ಇಷ್ಟು ಬರೆದು ಲೇಖನಿ ಕೆಳಗಿಟ್ಟು, ಅಡುಗೆಮನೆಯ ಬಾಗಿಲ ಕಡೆಗೊಮ್ಮೆ ನೋಡಿದೆ. ನೀವು ಹೋಗಿ ಎಂಟು ತಿಂಗಳ ಮೇಲಾಯಿತು, ಆದರೂ ಆ ಅಭ್ಯಾಸ ಹೋಗಿಲ್ಲ. ನಿಮ್ಮನ್ನು ನಾನು ನೇರವಾಗಿ ಕರೆದದ್ದು ಇಷ್ಟು ವರ್ಷಗಳಲ್ಲಿ ಒಂದೇ ಸಲ, ಅದೂ ಒದರಿ. ಇದು ಎರಡನೆಯದು. ಬನಹಟ್ಟಿಯ ನಿಮ್ಮ ಮನೆಯ ಪಡಸಾಲೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಹೊತ್ತು ನೆತ್ತಿಯ ಮೇಲಿದೆ. ಓಣಿಯ ಮಗ್ಗಗಳು ಎಂದಿನಂತೆ ಸದ್ದು ಮಾಡುತ್ತಿವೆ. ನಾನು ಇಲ್ಲಿಗೆ ಯಾಕೆ ಬಂದಿದ್ದೇನೆ ಎಂಬುದನ್ನು ಕಡೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನೀವು ಉಳಿದದ್ದನ್ನು ಕೇಳದೆ ಎದ್ದು ಒಲೆ ಹೊತ್ತಿಸಲು ಹೋಗುವವರು.

ನಿನ್ನೆ ಮಗಳು ಗಂಗಾ ಅಜ್ಜಿಯ ನೆನಪು ತೆಗೆದು ಕೇಳಿದಳು: "ಅಪ್ಪಾ, ಆಯಿ ನಿನ್ನ ಕೂಡ ಯಾಕ ಮಾತಾಡ್ತಿರಲಿಲ್ಲ? ಸಿಟ್ಟಿತ್ತೇನು?" ಐದು ದಾಟಿದ ಹುಡುಗಿಗೆ ಏನು ಹೇಳಲಿ? ಅತ್ತೆಯಾದವಳು ಅಳಿಯನ ಎದುರಿಗೆ ಬರಬಾರದು, ಸೆರಗು ಮುಂದೆ ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲಬೇಕು, ಹೇಳುವುದಿದ್ದರೆ ಮೂರನೆಯವರ ಕೈಲಿ ಹೇಳಿಸಬೇಕು. ನಿಮ್ಮ ಹಿರಿಯರು ನಿಮಗೆ ಹೀಗೆ ಕಲಿಸಿದ್ದರು, ನಮ್ಮ ಹಿರಿಯರು ನನಗೆ. "ಸಿಟ್ಟಲ್ಲವ್ವ, ಮರ್ಯಾದಿ," ಎಂದೆ. "ಮರ್ಯಾದಿ ಅಂದ್ರ ಮಾತ ಬಿಡೂದೇನು?" ಎಂದಳು. ನಿಮ್ಮ ಮೊಮ್ಮಗಳು, ನನ್ನ ಹಾಗಲ್ಲ. ಖರೆ ಹೇಳಬೇಕೆಂದರೆ ನನಗೆ ಆ ಪದ್ಧತಿ ಕಷ್ಟವಾಗಿರಲೇ ಇಲ್ಲ. ಮುಧೋಳ ಕಡೆಯ ಸಣ್ಣ ಊರಿನ ಕನ್ನಡ ಸಾಲೆಯಲ್ಲಿ ಮಾಸ್ತರನಾಗಿದ್ದರೂ ನನ್ನ ದನಿ ಹುಡುಗರ ಮೂರನೆಯ ಸಾಲಿನ ಆಚೆಗೆ ಮುಟ್ಟಿದ್ದಿಲ್ಲ. ಅವರು ನನಗಿಟ್ಟ ಹೆಸರು 'ಮೆಲ್ಲಕ ಮಾಸ್ತರ'. ಮಾತಾಡಲೇಬೇಕಿಲ್ಲದ ಅತ್ತೆ ಸಿಕ್ಕದ್ದು ನನ್ನ ಪುಣ್ಯವೆಂದು ಮದುವೆಯ ವರ್ಷದ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಈಗ ಓದಿದರೆ ನಗು ಬರುತ್ತದೆ.

ಆ ಕಾರ್ಡು ಬಂದ ದಿನ ನೆನಪಿದೆ. ನನ್ನ ಹೆಂಡತಿ ಶಾಂತಾ ಹೆರಿಗೆಗೆಂದು ನಿಮ್ಮಲ್ಲಿಗೆ ಬಂದು, ಗಂಗಾ ಹುಟ್ಟಿ ಆರು ವಾರವಾಗಿತ್ತು. ಪಕ್ಕದ ಮನೆಯ ದುಂಡವ್ವ ಯಾರ ಕೈಲೋ ಬರೆಸಿದ್ದಳು: "ಶಾಂತಾಗ ಎಂಟು ದಿನದಿಂದ ಜ್ವರ ಬಿಟ್ಟಿಲ್ಲ. ಕೂಸು ಛಲೋ ಐತಿ. ಮಾಸ್ತರು ಬರಬೇಕು." ಮುಧೋಳ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದು. ರಜೆಯ ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕೆಂಬುದು ನಮ್ಮ ಹೆಡ್ಮಾಸ್ತರರಿಗೂ ತಿಳಿಯದೆ, "ಹೋಗ್ರಿ ಹೋಗ್ರಿ, ಸರಕಾರ ಯಾವುದರ ಇರಲಿ, ಹೆಂಡತಿ ನಿಮ್ಮಾಕಿನ ಅಲ್ಲೇನು," ಎಂದು ಕಳಿಸಿಕೊಟ್ಟರು. ನಾನು ಬಂದು ನೋಡಿದರೆ ಶಾಂತಾ ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಪಡಸಾಲೆಯ ತೊಟ್ಟಿಲಲ್ಲಿ ಕೂಸು ಹಸಿದು ಅಳುತ್ತಿತ್ತು. ನೀವು ಬಾಗಿಲ ಹಿಂದೆ. ನಾನು ಬಾಗಿಲ ಮುಂದೆ. ನಡುವೆ ಮೂರನೆಯವರು ಅಂತ ಯಾರಿದ್ದರು? ಮಾವನವರು ತೀರಿಹೋಗಿ ಬಹಳ ವರ್ಷವಾಗಿತ್ತು. ಶಾಂತಾ ಒಬ್ಬಳೇ ಮಗಳು. ಕಡೆಗೆ ನೀವೇ ದಾರಿ ಕಂಡುಹಿಡಿದಿರಿ. "ಕೂಸೆ, ನಿಮ್ಮಪ್ಪಾರಿಗೆ ಹೇಳವ್ವ, ಕಾಲ ತೊಳಕೋರಿ ಅಂತ. ಚಾ ಆಗೇತಿ."

ಆರು ವಾರದ ಕೂಸು ಹೀಗೆ ನಮ್ಮಿಬ್ಬರ ನಡುವಿನ ಟಪಾಲಾಯಿತು. "ಕೂಸೆ, ಆಯಿಗೆ ಹೇಳು, ಜಮಖಂಡಿ ಡಾಕ್ಟರ ಇವತ್ತ ರಬಕವಿಗೆ ಬರ್ತಾರ, ಕರಕೊಂಡ ಬರ್ತೀನಿ." "ಕೂಸೆ, ನಿಮ್ಮಪ್ಪಾರಿಗೆ ಹೇಳು, ಛತ್ರಿ ಒಯ್ರಿ ಅಂತ." ಅದು ಅತ್ತರೂ ನಮ್ಮ ಮಾತು ಮುಟ್ಟುತ್ತಿತ್ತು, ನಕ್ಕರೂ ಮುಟ್ಟುತ್ತಿತ್ತು. ಡಾಕ್ಟರು ನೋಡಿ ಇದು ಮುದ್ದತಿನ ಜ್ವರ, ಅಂದರೆ ಟೈಫಾಯ್ಡು, ಮೂರು ವಾರ ತಿನ್ನುತ್ತದೆ, ಮುಂಬಯಿ ಪುಣೆಯಲ್ಲಿ ಹೊಸ ಔಷಧ ಬಂದಿದೆಯಂತೆ, ಇಲ್ಲಿಗೆ ಇನ್ನೂ ಬಂದಿಲ್ಲ ಎಂದರು. ತಾಯಿಯ ಹಾಲು ನಿಲ್ಲಿಸಿ, ಕೂಸನ್ನು ಆ ಕೋಣೆಗೆ ಬಿಡಬೇಡಿ ಎಂದರು. ಶಾಂತಾ ಅದನ್ನು ಕೇಳಿ ಗೋಡೆಯ ಕಡೆಗೆ ಹೊರಳಿದಳು. ಅಂದಿನಿಂದ ದಿನಾ ಸಂಜೆ ನಾನು ಕೂಸನ್ನು ಎತ್ತಿಕೊಂಡು ಅವಳ ಕೋಣೆಯ ಹೊಸ್ತಿಲ ಈಚೆ ನಿಲ್ಲುತ್ತಿದ್ದೆ. ಅವಳು ಅಲ್ಲಿಂದಲೇ ನೋಡಿ, "ಮೂಗು ನಿಮ್ಮದ ಆಗಾಕತ್ತೈತಿ ನೋಡ್ರಿ, ಪಾಪ," ಎನ್ನುತ್ತಿದ್ದಳು.

ಬೀರಪ್ಪ ಆಡನ್ನು ತಂದು ಬಿಟ್ಟ ಮುಂಜಾನೆ ಓಣಿಯೆಲ್ಲ ಸೇರಿತ್ತು. ಚಿಮ್ಮಡದ ಆ ಕುರುಬರ ಹಿರಿಯ ನಿಮಗೆ ಯಾವ ಕಡೆಯಿಂದ ಪರಿಚಯವೋ ನನಗೆ ಇಂದಿಗೂ ಗೊತ್ತಿಲ್ಲ. "ಕೂಸಿಗಿ ಇದರ ಹಾಲ ಒಗ್ಗತೈತ್ರಿ. ಹಿಂಡೂ ಮುಂದ ಬೆನ್ನ ತುರಸ್ರಿ, ಇಲ್ಲಂದ್ರ ಒದಿತೈತಿ. ನನಗ ರೊಕ್ಕ ಏನೂ ಕೊಡಬ್ಯಾಡ್ರಿ, ಕೂಸು ಕುಂತ ಮ್ಯಾಲ ಬೀರದೇವರಿಗೆ ಒಂದ ಟೆಂಗ ಒಡೀರಿ ಸಾಕು," ಎಂದು ಹೇಳಿ ಹೋದ. ಮಾವನವರು ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿ ಪಡಸಾಲೆಯಲ್ಲಿ ಖಾಲಿ ಬಿದ್ದಿತ್ತಲ್ಲ, ಆಡು ಬಂದ ದಿನವೇ ಅದರೊಳಗೆ ಇಳಿಯಿತು. ತಲೆಯಷ್ಟೇ ಮೇಲೆ ಕಾಣುವಂತೆ ನಿಂತು, ನೇಯಲು ಕುಳಿತ ನೇಕಾರನ ಹಾಗೆ ಗಂಭೀರವಾಗಿ ನಮ್ಮನ್ನು ನೋಡತೊಡಗಿತು. ಕೂಸು ಮಲಗಿದಾಗ ನಮ್ಮ ಮಾತು ಅದರ ಪಾಲಾಯಿತು. "ಆಡವ್ವ, ಮಾಸ್ತರಿಗೆ ಊಟಕ್ಕ ಏಳ್ರಿ ಅನ್ನು." "ಆಡೆ, ಅತ್ತೆಯವರಿಗೆ ಹೇಳು, ನಾನು ಹಾಲು ಚೀಪಸೂ ಬತ್ತಿ ತೊಳೆದು ತರ್ತೀನಿ." ದುಂಡವ್ವ ಇದನ್ನು ಕೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡೂ ಕಡೆಯ ಮಾತು ಕೇಳುತ್ತದೆ ಎಂದು ಆಡಿಗೆ 'ವಕೀಲವ್ವ' ಎಂದು ಹೆಸರಿಟ್ಟಳು. ಹೆಸರು ನಿಂತುಬಿಟ್ಟಿತು.

ಕೂಸಿಗೆ ಹೊಟ್ಟೆ ಉಬ್ಬಿದ ಆ ದಿನ ನೀವೆಷ್ಟು ಹೆದರಿದಿರಿ, ನಾನೆಷ್ಟು ಹೆದರಿದೆ! ತೊಳೆದ ಅರಿವೆಯ ಬತ್ತಿಯನ್ನು ನೀರು ಬೆರೆಸಿ ಕಾಸಿದ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಅದು ಚೀಪುತ್ತಿತ್ತು. ನೀವು ಕುಡಿಸಿ ಹಿತ್ತಲಿಗೆ ಹೋಗಿದ್ದಿರಿ. ಕುಡಿಸಿದ್ದೀರೋ ಇಲ್ಲವೋ ಎಂದು ನಾನು ಕೇಳುವುದು ಹೇಗೆ? ಕೂಸನ್ನೇ ಕೇಳಿದೆ. ಅದು ಬಾಯಿ ತೆರೆಯಿತು. ಸರಿ, ಇಲ್ಲವೆಂದು ತಿಳಿದು ನಾನೂ ಕುಡಿಸಿದೆ. ನೀವು ಬಂದು ಅದು ಬಾಯಿ ತೆರೆದದ್ದನ್ನು ಕಂಡು ಮತ್ತೊಮ್ಮೆ ಕುಡಿಸಿದಿರಿ. ಮಧ್ಯಾಹ್ನದ ಹೊತ್ತಿಗೆ ಅದರ ಹೊಟ್ಟೆ ಡೊಳ್ಳಾಗಿ ಓಣಿ ಕೇಳುವ ಹಾಗೆ ಕಿರಿಚಿತು. ದುಂಡವ್ವ ಬಂದು ಇಬ್ಬರನ್ನೂ ವಿಚಾರಿಸಿ ಲೆಕ್ಕ ಹಿಡಿದಳು. "ಅಯ್ಯ ಶಿವನೆ! ಅತ್ತಿ ಅಳಿಯ ಕೂಡಿ ಕೂಸಿನ್ನ ಮರ್ಯಾದಿಲೆ ಕೊಲ್ಲತೀರೇನ್ರಿ?" ಓಮಿನ ನೀರಿನಿಂದ ಸಂಜೆಗೆ ಸರಿಹೋಯಿತು. ಒಳಕೋಣೆಯಿಂದ ಶಾಂತಾಳ ದನಿ ಬಂತು. ಹತ್ತು ದಿನದಲ್ಲಿ ಮೊದಲ ಸಲ ಅವಳು ನಗುತ್ತಿದ್ದಳು. "ಜ್ವರ ಅಲ್ಲ, ನೀವಿಬ್ಬರು ನನ್ನ ನಗಿಸಿ ಕೊಲ್ಲತೀರಿ."

ಆದರೆ ಅದರ ಮರುದಿನದಿಂದ ಅವಳು ನಗಲಿಲ್ಲ. ಮೂರು ದಿನ ಅವಳಿಗೆ ನಮ್ಮ ಗುರುತು ಹತ್ತಲಿಲ್ಲ. ಸತ್ತುಹೋದ ಅಪ್ಪನನ್ನು ಕರೆದು, "ಅಪ್ಪಾ, ಲಾಳಿ ಬಿತ್ತು, ತಗೋ, ಲಾಳಿ ಬಿತ್ತು," ಎನ್ನುತ್ತಿದ್ದಳು. ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ನಿಮ್ಮ ರಾಟಿ ನಿಂತುಹೋಗಿತ್ತು. ಊರ ಮಗ್ಗಗಳಿಗೆಲ್ಲ ನೂಲು ಸುತ್ತಿಕೊಡುವ ಕೈ, ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಾಗಿಲ ಹಿಂದಿನಿಂದ ನೀವು ಹೇಳಿದ್ದು ದಿನಚರಿಯಲ್ಲಿದೆ. "ಕೂಸೆ, ನಿಮ್ಮಪ್ಪಾರಿಗೆ ಹೇಳು, ಅಂಜಬ್ಯಾಡ್ರಿ ಅಂತ." ನಾನು ಹೇಳಿದೆ, "ಕೂಸೆ, ಆಯಿಗೆ ಹೇಳು, ನಾನೇನೂ ಅಂಜಿಲ್ಲ ಅಂತ." ಎರಡೂ ಸುಳ್ಳು. ಕೂಸಿಗೆ ತಿಳಿಯುವಂತಿದ್ದರೆ ಅದು ನಮ್ಮಿಬ್ಬರ ಬಗ್ಗೆ ಏನೆಂದುಕೊಳ್ಳುತ್ತಿತ್ತೋ…

ಇಪ್ಪತ್ತನೆಯ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದು ನಿಲ್ಲಿಸಿಕೊಂಡು ಹೇಳಿದರು: "ಮಾಸ್ತರ್, ನೀಟ ಕೇಳ್ರಿ. ಎರಡು ದಿನದಾಗ ಜ್ವರ ಇಳೀತದ. ಆಕಿ ಊಟ ಬೇಡತಾಳ. ಕೊಡಬ್ಯಾಡ್ರಿ. ಹತ್ತು ದಿನ ಗಂಜಿ, ಮಜ್ಜಿಗಿ ತಿಳಿ, ಅಷ್ಟ. ಒಳಗ ಕರುಳು ಹುಣ್ಣಾಗಿರತದ. ಒಂದ ತುತ್ತು ರೊಟ್ಟಿ ಸಾಕು, ಹರಿದು ಹೋಗತದ. ಆಮ್ಯಾಲ ನನ್ನ ಕಡೆ ಬರಬ್ಯಾಡ್ರಿ." ನಾನು ಓಡುತ್ತಲೇ ಮನೆಗೆ ಬಂದೆ. ಅಂದು ಮೋಡ ಮುಸುಕಿತ್ತು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಮ್ಮ ಸೀರೆಯ ಕೆಂಪು ದಡಿ ಕಂಡಿತು. ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ನೆಲಕ್ಕಿಟ್ಟು, ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಪಾಠ ಒಪ್ಪಿಸಿದ ಹಾಗೆ ಎರಡು ಸಲ ಹೇಳಿದೆ. ನೀವು ಏನೂ ಅನ್ನಲಿಲ್ಲ. ಏನೂ ಅನ್ನದಿರುವುದು ನಮ್ಮಲ್ಲಿ ಹೊಸದೇ? ದಡಿ ಸ್ವಲ್ಪ ಅಲುಗಿತು. ತಲೆಯಾಡಿಸಿದಿರಿ ಎಂದುಕೊಂಡೆ. ಕಣ್ಣೆತ್ತಿ ಒಂದು ಸಲ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಅಳಿಯನಾದವನು ಅತ್ತೆಯ ಕಡೆಗೆ ಕಣ್ಣೆತ್ತಿ ನೋಡುವುದುಂಟೆ? ನೀವು ಆಗ ಅಲ್ಲಿರಲೇ ಇಲ್ಲವೆಂದು ಆಮೇಲೆ ತಿಳಿಯಿತು; ಮೊದಲೇ ಸುತ್ತಿಟ್ಟಿದ್ದ ಕಂಡಿಕೆ ಕೊಡಲು ದುಂಡವ್ವನ ಮನೆಗೆ ಹೋಗಿದ್ದಿರಿ. ಮಳೆ ಬಂದೀತೆಂದು ಒಗೆದ ಸೀರೆಯನ್ನು ಒಳಗಿನ ಹಗ್ಗಕ್ಕೆ ಒಣಹಾಕಿ ಹೋಗಿದ್ದಿರಿ. ನನ್ನ ಹೆಂಡತಿಯ ಜೀವದ ಮಾತನ್ನು ನಾನು ಒಂದು ಹಸಿ ಸೀರೆಗೆ ಹೇಳಿ ನಿಶ್ಚಿಂತನಾಗಿ ಎದ್ದಿದ್ದೆ.

ಎರಡು ದಿನ ಬಿಟ್ಟು ಬೆಳಗಿನ ಜಾವ ಜ್ವರ ಇಳಿಯಿತು. ಅವಳ ಹಣೆ ತಣ್ಣಗಿತ್ತು. ನೀವು ಒಳಗೆ ಅಳುತ್ತಿದ್ದಿರಿ, ಆ ಅಳು ಬೇರೆಯದೆಂದು ನನಗೂ ತಿಳಿಯಿತು. ಹೊತ್ತೇರಿದ ಮೇಲೆ ನಾನು ಪಡಸಾಲೆಯಲ್ಲಿ ಕೂಸನ್ನು ತೂಗುತ್ತಿದ್ದೆ. ಮೂರು ತಾಸು ಅತ್ತು ಆಗಷ್ಟೇ ಕಣ್ಣು ಮುಚ್ಚಿತ್ತು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ನನಗೆ ಮಾಡುತ್ತಿದ್ದೀರೆಂದುಕೊಂಡೆ. ಆಮೇಲೆ ಎಣ್ಣೆಗಾಯಿಯ ವಾಸನೆ ಬಂತು. ಅದೂ ನನಗೇ ಇರಬೇಕು. ಆಮೇಲೆ ಒಳಕೋಣೆಯಿಂದ ಶಾಂತಾಳ ದನಿ. "ಒಂದ ತುತ್ತು ಕೊಡವ್ವ. ಬಾಯಿ ಎಲ್ಲಾ ಗಂಜಿ ಗಂಜಿ ಆಗೇತಿ." ತಲೆ ಎತ್ತಿದೆ. ಎರಡು ಬಾಗಿಲ ಆಚೆ, ನೀವು ಅವಳ ಹಾಸಿಗೆಯ ಅಂಚಿಗೆ ಕುಳಿತು, ಬಿಸಿ ರೊಟ್ಟಿ ಮುರಿದು, ಪಲ್ಲೆಯಲ್ಲಿ ಅದ್ದಿ, ಊದುತ್ತಿದ್ದಿರಿ.

ಆ ಗಳಿಗೆ ನಾನು ಏನು ಮಾಡಿದೆ ಗೊತ್ತೆ? ಕೆಮ್ಮಿದೆ. ಕೆಮ್ಮಿದೆ ಅತ್ತೆಯವರೇ! ನೀವು ತಿರುಗಲಿಲ್ಲ. "ಕೂಸೆ…" ಎಂದೆ. ಕೂಸು ಮಲಗಿತ್ತು. ಕುಣಿಯ ಕಡೆ ನೋಡಿದೆ. ವಕೀಲವ್ವ ಬೀರಪ್ಪನ ಹಿಂಡಿನ ಜೊತೆ ಮೇಯಲು ಹೋಗಿತ್ತು. ಓಣಿಯ ಅಷ್ಟೂ ಮಗ್ಗಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ತುತ್ತು ಅವಳ ಬಾಯಿಯ ಹತ್ತಿರ ಹೋಯಿತು. ಅವಳು ಬಾಯಿ ತೆರೆದಳು. ಆಗ ನನ್ನೊಳಗಿಂದ ಯಾರು ಕೂಗಿದರೋ ನನಗೆ ತಿಳಿಯದು.

"ಅತ್ತೀ! ಬ್ಯಾಡ್ರೀ! ಕೊಡಬ್ಯಾಡ್ರೀ! ಸಾಯತಾಳ ಆಕಿ!"

ಪಕ್ಕದ ಮಗ್ಗ ನಿಂತಿತು. ಅದರಾಚೆಯದೂ ನಿಂತಿತು. ತುತ್ತು ನಿಮ್ಮ ಕೈಯಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು. ನೀವು ತಿರುಗಿ ನೋಡಿದಿರಿ. ಸೆರಗು ಹೆಗಲ ಮೇಲಿತ್ತು, ಎಳೆದುಕೊಳ್ಳಲಿಲ್ಲ. ಮದುವೆಯಾಗಿ ಮೂರು ವರ್ಷದ ಮೇಲೆ ನಾನು ನಿಮ್ಮ ಮುಖ ಕಂಡದ್ದು ಆಗಲೇ. ಶಾಂತಾಳ ಮುಖವೇ ಅದು, ಸ್ವಲ್ಪ ಸುಕ್ಕಾಗಿತ್ತು ಅಷ್ಟೆ. ನನ್ನನ್ನು ನೆಟ್ಟಗೆ ನೋಡಿ, ತಣ್ಣಗೆ ಹೇಳಿದಿರಿ.

"ಒದರಬ್ಯಾಡೋ ತಮ್ಮಾ. ಕೂಸು ಎದ್ದೀತು."

ಅಲ್ಲಿಯವರೆಗೆ ನಾನು 'ನಿಮ್ಮಪ್ಪಾರು', 'ಮಾಸ್ತರು'. ಒಂದೇ ಏಟಿಗೆ ತಮ್ಮನಾದೆ. ನಾನು ಹೊಸ್ತಿಲಲ್ಲಿ ನಿಂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಕಣ್ಣಿಗೆ ಕಣ್ಣು ಕೊಟ್ಟು. ನೀವು ಕೇಳಿದಿರಿ, "ಇದನ್ನ ಮೊದಲ ಯಾಕ ಹೇಳಲಿಲ್ಲ?" "ಮೊನ್ನೆ ಹೇಳಿದೆನಲ್ಲರಿ, ನೀವು ಬಾಗಿಲ ಹಿಂದೆ ಇದ್ದಿರಿ, ಕೆಂಪು ದಡಿ…" ಎಂದೆ. ನೀವು ನನ್ನ ಮುಖ ನೋಡಿದಿರಿ, ಹಗ್ಗದ ಕಡೆ ನೋಡಿದಿರಿ. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿರಿ. ಅಷ್ಟರಲ್ಲಿ ದುಂಡವ್ವ ಓಡಿಬಂದಳು. "ಏನಾತ ಬೇ ನೀಲವ್ವ? ಯಾರು ಒದರಿದ್ದು?" "ಏನಿಲ್ಲ ತಗೋ. ನಮ್ಮ ಅಳಿಯಂದಿರಿಗೆ ದನಿ ಐತಿ ಅಂತ ಇವತ್ತ ಗೊತ್ತಾತು," ಎಂದಿರಿ. ಆ ರೊಟ್ಟಿ ಎಣ್ಣೆಗಾಯಿ ಎಲ್ಲ ದುಂಡವ್ವನ ಮನೆಗೆ ಹೋಯಿತು. ನನಗೂ ಸಿಗಲಿಲ್ಲ. ಅಂದು ಮೂವರೂ ಗಂಜಿ ಕುಡಿದೆವು.

ಮರುದಿನ ಮುಂಜಾನೆ ಏನೋ ಬೇರೆಯಾಗಬಹುದೆಂದು ಕಾದಿದ್ದೆ. ಬಾಗಿಲ ಹಿಂದಿನಿಂದ ದನಿ ಬಂತು: "ಕೂಸೆ, ನಿಮ್ಮಪ್ಪಾರಿಗೆ ಹೇಳು, ಚಾ ಆರಾಕತ್ತೈತಿ." ಆಮೇಲೆ ಐದು ವರ್ಷ, ನೀವು ಹೋಗುವವರೆಗೂ, ಹಾಗೆಯೇ. ಶಾಂತಾ ಚೇತರಿಸಿಕೊಂಡಳು, ವಕೀಲವ್ವ ವರ್ಷದ ಮೇಲೆ ಹಿಂಡಿಗೆ ಮರಳಿತು, ಬೀರದೇವರಿಗೆ ಟೆಂಗು ಒಡೆದೆವು. ಗಂಗಾ ಮಾತು ಕಲಿತು ಖರೇನೇ ಟಪಾಲು ಒಯ್ಯತೊಡಗಿದಳು. ಆ ಮಾತನ್ನು ನೀವು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ಒಳಗೊಳಗೆ ಒಂದು ಅಳುಕು ಉಳಿದಿತ್ತು. ನಿಮ್ಮ ಮನೆಯಲ್ಲಿ, ನಿಮ್ಮ ಮೇಲೆ, ಓಣಿ ಕೇಳುವ ಹಾಗೆ ಒದರಿದೆನಲ್ಲ, ನಿಮ್ಮ ಮನಸ್ಸಿನಲ್ಲಿ ಅದು ಹೇಗೆ ಕುಳಿತಿದೆಯೋ ಎಂದು. ಕೇಳಬೇಕೆಂದು ಎಷ್ಟು ಸಲ ಅಂದುಕೊಂಡೆ. ಕೇಳುವುದು ಯಾರ ಕೈಲಿ?

ಕಳೆದ ಬೇಸಿಗೆಯ ಸೂಟಿಗೆ ಗಂಗಾಳನ್ನು ನಿಮ್ಮಲ್ಲಿ ಬಿಟ್ಟು ಹೋಗಿದ್ದೆವು. ಎದೆ ನೋಯುತ್ತದೆ ಎಂದು ಮಲಗಿದಿರಂತೆ, ಎರಡೇ ದಿನ. ನಮಗೆ ಸುದ್ದಿ ಮುಟ್ಟಿ ಬಸ್ಸು ಹಿಡಿದು ಬರುವಷ್ಟರಲ್ಲಿ… ಅದನ್ನು ಬರೆಯುವುದಿಲ್ಲ. ದಿನಚರಿಯಲ್ಲೂ ಆ ಹಾಳೆ ಖಾಲಿ ಬಿಟ್ಟಿದ್ದೇನೆ. ನಿಮ್ಮ ಮುಖವನ್ನು ನಾನು ಎರಡನೆಯ ಸಲ ನೋಡಿದ್ದು ಅಂದು. ಸೆರಗು ಎಳೆದುಕೊಳ್ಳಲಿಲ್ಲ ನೀವು.

ಈಗ ಸುದ್ದಿ. ನೀವು ಹೋದಾಗ ತಾನು ಬಸುರಿ ಎಂದು ಶಾಂತಾಳಿಗೇ ಗೊತ್ತಿರಲಿಲ್ಲ, ಮುಂದಿನ ತಿಂಗಳು ತಿಳಿಯಿತು. ತವರಿನಲ್ಲಿ ಯಾರಿದ್ದಾರೆ, ನಮ್ಮೂರಲ್ಲೇ ಇರು ಎಂದೆ. ಒಪ್ಪಲಿಲ್ಲ. "ಅವ್ವ ಇಲ್ಲಂದ್ರ ಅವ್ವನ ಮನಿ ಐತಿ," ಎಂದಳು. ಬೀಗ ತೆಗೆದು, ಸುಣ್ಣ ಹಚ್ಚಿ, ಬಂದಿದ್ದೇವೆ. ಹನ್ನೆರಡು ದಿನದ ಹಿಂದೆ ಅದೇ ಒಳಕೋಣೆಯಲ್ಲಿ ಹೆತ್ತಳು. ಗಂಡು. ದುಂಡವ್ವ ಬಂದು ತಾಯಿಗೂ ಕೂಸಿಗೂ ನೀರೆರೆದು ಹೋಗುತ್ತಾಳೆ, ಉಳಿದ ಬಾಣಂತನವೆಲ್ಲ ನನ್ನದೇ. ನನ್ನ ಗಂಜಿಗೆ ಉಪ್ಪು ಸಾಲದೆಂದು ದಿನಾ ಮಾತು ಕೇಳುತ್ತೇನೆ. ದಿನಕ್ಕೆ ನಾಲ್ಕು ಸಲ ಶಾಂತಾಳ ಹಣೆ ಮುಟ್ಟಿ ನೋಡುತ್ತೇನೆ. "ಜ್ವರ ಇಲ್ಲರೀ, ಕೈ ತಗೀರಿ, ಕೂಸು ಹಾಲು ಕುಡ್ಯಾಕತ್ತೈತಿ," ಎಂದು ಬೈಯುತ್ತಾಳೆ. ಈ ಬೈಗುಳ ನೀವು ಕೇಳಬೇಕಿತ್ತು.

ಇಂದು ಮುಂಜಾನೆ ನನ್ನ ಬಾಯಿಂದ ಅಭ್ಯಾಸಬಲದಿಂದ ಬಂತು: "ಕೂಸೆ, ನಿಮ್ಮವ್ವಗ ಹೇಳು, ಗಂಜಿ ಆಗೇತಿ." ಗಂಗಾ ಬಿದ್ದು ಬಿದ್ದು ನಕ್ಕಳು. "ಅದಕ್ಕ ಮಾತ ಬರೂದಿಲ್ಲ ಅಪ್ಪಾ! ಹೇಳೂದು ನನ್ನ ಕೆಲಸ." ಹಾಗೆನ್ನುತ್ತಲೇ ಅವಳ ಮುಖ ಸಣ್ಣಗಾಯಿತು. "ಅಪ್ಪಾ, ಆಯಿ ನಿನಗ ಒಂದ ಮಾತ ಹೇಳಂದಿದ್ಲು. ಎದಿ ನೋಯತೈತಿ ಅಂತ ಮಲಗಿದ್ಲಲ್ಲ, ಅವತ್ತ. ನಾ ಮರತಬಿಟ್ಟೆ." ನಾನು ಪಾತ್ರೆ ಕೆಳಗಿಟ್ಟೆ. "ಏನಂದ್ಲವ್ವ?" ಗಂಗಾ ನೆಟ್ಟಗೆ ನಿಂತು ನಿಮ್ಮ ದನಿಯಲ್ಲೇ ಹೇಳಿದಳು: "ನೀ ಅವತ್ತ ಒದರಿದ್ದು ಛಲೋ ಆತೋ ತಮ್ಮಾ." ಆಮೇಲೆ ತನ್ನ ದನಿಯಲ್ಲಿ, "ನೀ ಯಾವಾಗ ಒದರಿದ್ದಿ ಅಪ್ಪಾ? ನಿನಗ ಒದರಾಕ ಬರತೈತೇನು?" ಎಂದಳು.

ಹೀಗೆ ನಿಮ್ಮ ಟಪಾಲು ತಡವಾಗಿ ಮುಟ್ಟಿದೆ. ಅದಕ್ಕೇ ಈ ಉತ್ತರ. ತೊಟ್ಟಿಲಿಗೆ ಹಾಸಲು ಶಾಂತಾ ನಿಮ್ಮ ಹಳೆಯ ಸೀರೆಯೊಂದನ್ನು ತೆಗೆದು ಒಗೆಸಿದ್ದಾಳೆ. ಒಳಗಿನ ಹಗ್ಗದ ಮೇಲೆ ಅದು ಆರುತ್ತಿದೆ. ಬಾಗಿಲ ಸಂದಿಯಲ್ಲಿ ಕೆಂಪು ದಡಿ ಕಾಣುತ್ತದೆ, ಗಾಳಿಗೆ ಆಗಾಗ ಅಲುಗುತ್ತದೆ. ಅದರ ಹಿಂದೆ ಯಾರೂ ಇಲ್ಲವೆಂದು ಈ ಸಲ ನನಗೆ ಗೊತ್ತು. ಆದರೂ ಕಣ್ಣೆತ್ತಿ ನೋಡುವುದಿಲ್ಲ. ಬರೆದದ್ದನ್ನೆಲ್ಲ ಈಗ ನಿಮಗೆ ಓದಿ ಹೇಳುತ್ತೇನೆ. ಹೆದರಬೇಡಿ, ಒದರುವುದಿಲ್ಲ. ಕೂಸು ಈಗಷ್ಟೇ ಮಲಗಿದೆ.